ಗ್ಯೋಜಾ ಹೂರಣ ಮನೆಯಲ್ಲೇ ಆಗಲಿ, ಆದರೆ ಕೋಸು ಹೆಚ್ಚುವವರು ಯಾರು?

ಫೋನಿನಲ್ಲಿ ಅಡುಗೆ ರೀಲ್ಸ್ ನೋಡುವವರ ಕಣ್ಣಿಗೆ ಜಪಾನಿನ ಗ್ಯೋಜಾ ಒಮ್ಮೆಯಾದರೂ ಬಿದ್ದಿರುತ್ತದೆ. ಅರ್ಧಚಂದ್ರದ ಆಕಾರ, ಅಂಚಿನಲ್ಲಿ ಸಾಲು ನೆರಿಗೆ, ತಳ ಮಾತ್ರ ಕೆಂಪಗೆ ಗರಿಯಾದ ಪುಟ್ಟ ತಿನಿಸು. ನೋಡಿದ ಕೂಡಲೇ ‘ಇದು ನಮ್ಮ ಕರ್ಜಿಕಾಯಿ ಥರಾನೇ ಇದೆಯಲ್ಲ’ ಅನ್ನುವವರಿದ್ದಾರೆ. ಸಂಜೆ ಹೊತ್ತು ಮೊಮೊ ಗಾಡಿ ನಿಲ್ಲುವ ಊರಿನವರು ‘ಮೊಮೊಗೆ ನೆಂಟ’ ಅನ್ನುತ್ತಾರೆ. ಎರಡೂ ಸರಿಯೇ.

ಆ ವಿಡಿಯೊಗಳಲ್ಲಿ ಒಂದು ಸಂಗತಿ ಗಮನಿಸಿ. ನೆರಿಗೆ ಹಿಡಿಯುವುದನ್ನು ನಿಧಾನವಾಗಿ ತೋರಿಸುತ್ತಾರೆ. ಬಾಣಲೆಯ ಚುರ್ ಸದ್ದು ಕೇಳಿಸುತ್ತಾರೆ. ಕೊನೆಗೆ ತಟ್ಟೆಗೆ ಮಗುಚಿ ಹಾಕುವುದೂ ಇರುತ್ತದೆ. ಹೂರಣ ಮಾತ್ರ ಬಟ್ಟಲಲ್ಲಿ ಆಗಲೇ ಸಿದ್ಧವಾಗಿ ಕೂತಿರುತ್ತದೆ. ಅದನ್ನು ಯಾರು ಹೆಚ್ಚಿದರು, ಎಷ್ಟು ಹೊತ್ತು ಹಿಡಿಯಿತು ಎಂದು ಕೇಳುವವರಿಲ್ಲ.

ನಾವು ಇವತ್ತು ಬರೆಯುತ್ತಿರುವುದು ಆ ಬಟ್ಟಲಿನ ಬಗ್ಗೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಹೂರಣ ಮನೆಯಲ್ಲಿ ಮಾಡುವುದು ಒಳ್ಳೆಯದು, ರುಚಿಗೂ ಒಳ್ಳೆಯದು. ಆದರೆ ‘ಮನೆಯಲ್ಲೇ ಮಾಡು’ ಎನ್ನುವ ಬಾಯಿ ಒಬ್ಬರದು, ಮಾಡುವ ಕೈ ಇನ್ನೊಬ್ಬರದು ಆದಾಗ ಅದು ರುಚಿಯ ಮಾತಾಗಿ ಉಳಿಯುವುದಿಲ್ಲ, ದುಡಿಮೆ ಹೊರಿಸುವ ಮಾತಾಗುತ್ತದೆ. ಜಪಾನಿನಲ್ಲಿ 2008ರಲ್ಲಿ ಒಂದು, 2020ರಲ್ಲಿ ಒಂದು, ಹೀಗೆ ಎರಡು ಪ್ರಕರಣಗಳು ಇದೇ ಗ್ಯೋಜಾ ಸುತ್ತ ನಡೆದವು. ಅಲ್ಲಿಗೆ ಹೋಗುವ ಮೊದಲು ಹೂರಣ ಹೇಗಾಗುತ್ತದೆ ಎಂಬುದನ್ನು ನೋಡಿಬಿಡೋಣ. ಕೆಲಸ ಗೊತ್ತಿಲ್ಲದೆ ಕೆಲಸದ ಬಗ್ಗೆ ತೀರ್ಪು ಕೊಡುವುದು ಬೇಡ.

ಬಟ್ಟಲೊಳಗೆ ಏನಿದೆ

ಹೋಳಿಗೆಗೆ ಇರುವಂತೆ ಗ್ಯೋಜಾಗೂ ಹೊರಗೆ ಕಣಕ, ಒಳಗೆ ಹೂರಣ. ಜಪಾನಿನ ಮನೆಗಳಲ್ಲಿ ಕಣಕ ನಾದಿ ಲಟ್ಟಿಸುವವರು ಕಡಿಮೆ. ಸುಮಾರು 9 ಸೆಂಟಿಮೀಟರ್ ಅಗಲದ ದುಂಡನೆಯ ತೆಳು ಹಾಳೆಗಳು ಅಲ್ಲಿನ ದಿನಸಿ ಮಳಿಗೆಗಳಲ್ಲಿ ಪ್ಯಾಕೆಟ್ ಲೆಕ್ಕದಲ್ಲಿ ಸಿಗುತ್ತವೆ. ಹಾಗಾಗಿ ಅಲ್ಲಿ ‘ಗ್ಯೋಜಾ ಮನೆಯಲ್ಲಿ ಮಾಡಿದೆವು’ ಅಂದರೆ ಬಹುಮಟ್ಟಿಗೆ ‘ಹೂರಣ ಮನೆಯಲ್ಲಿ ಮಾಡಿದೆವು’ ಅಂತಲೇ ಅರ್ಥ.

ನಾಲ್ಕು ಜನರ ಮನೆಗೆ ನಲವತ್ತು ಗ್ಯೋಜಾ ಬೇಕು ಅಂದುಕೊಳ್ಳಿ. 200 ಗ್ರಾಂ ಹಂದಿ ಮಾಂಸದ ಕೈಮಾ. 250ರಿಂದ 300 ಗ್ರಾಂ ಎಲೆಕೋಸು. ಒಂದು ಹಿಡಿ ನಿರಾ. ಒಂದು ತುಂಡು ಶುಂಠಿ, ಒಂದೆರಡು ಎಸಳು ಬೆಳ್ಳುಳ್ಳಿ. ಸೋಯಾ ಸಾಸ್, ಹುರಿದ ಎಳ್ಳಿನ ಎಣ್ಣೆ, ಉಪ್ಪು, ಕಾಳುಮೆಣಸಿನ ಪುಡಿ, ಅಕ್ಕಿಯಿಂದ ತೆಗೆದ ಸಾಕೆ ಎಂಬ ಮದ್ಯ ಒಂದು ಚಮಚ. ಇಲ್ಲಿ ನಿರಾ ಅಂದರೆ ನಮ್ಮ ತೆಂಗಿನ ನೀರಾ ಅಲ್ಲ. ಹುಲ್ಲಿನ ಹಾಗೆ ಚಪ್ಪಟೆ ಎಲೆಯ, ಬೆಳ್ಳುಳ್ಳಿ ಘಮದ ಒಂದು ಸೊಪ್ಪು. ಮಾಂಸ ತಿನ್ನದವರು ತೋಫು, ಅಣಬೆ ಹಾಕಿ ಮಾಡುವುದೂ ಉಂಟು.

ಪಟ್ಟಿ ಓದಲು ಅರ್ಧ ನಿಮಿಷ ಸಾಕು. ಕೆಲಸ ಶುರುವಾಗುವುದು ಆಮೇಲೆ.

ಕೋಸನ್ನು ಪಲ್ಯಕ್ಕೆ ಹೆಚ್ಚಿದ ಹಾಗೆ ಹೆಚ್ಚಿದರೆ ಆಗುವುದಿಲ್ಲ. ಅಕ್ಕಿ ಕಾಳಿಗಿಂತ ಸ್ವಲ್ಪವೇ ದಪ್ಪ ಇರಬೇಕು. ಎಲೆ ಎಲೆ ಬಿಡಿಸಿ, ದಪ್ಪ ದಂಟು ಬೇರೆ ಮಾಡಿ, ಮೊದಲು ಎಳೆ ಎಳೆ, ಆಮೇಲೆ ಅಡ್ಡಡ್ಡ. ದೊಡ್ಡ ಚೂರು ಉಳಿದರೆ ಮಡಿಸುವಾಗ ತೆಳು ಹಾಳೆಯನ್ನು ಚುಚ್ಚಿ ಹರಿಯುತ್ತದೆ. ಹೆಚ್ಚಿದ ಕೋಸಿಗೆ ಅರ್ಧ ಚಮಚ ಉಪ್ಪು ಸವರಿ ಹತ್ತು ಹದಿನೈದು ನಿಮಿಷ ಬಿಡಬೇಕು. ಕೋಸಿನ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರು. ಉಪ್ಪು ಆ ನೀರನ್ನು ಹೊರಗೆಳೆಯುತ್ತದೆ. ಆಮೇಲೆ ಎರಡೂ ಕೈಯಲ್ಲಿ ಹಿಡಿದು, ಇಲ್ಲವೇ ಬಟ್ಟೆಯಲ್ಲಿ ಕಟ್ಟಿ ಹಿಂಡಬೇಕು. ಹಿಂಡಿದಾಗ ಬಟ್ಟಲು ತುಂಬ ಇದ್ದ ಕೋಸು ಎರಡು ಮುಷ್ಟಿಗೆ ಇಳಿಯುತ್ತದೆ. ಈ ಕೆಲಸ ತಪ್ಪಿಸಿದರೆ ನೀರು ಹೂರಣದೊಳಗೇ ಬಿಟ್ಟುಕೊಂಡು ಹಾಳೆ ಮೆತ್ತಗಾಗುತ್ತದೆ, ಬಾಣಲೆಗೆ ಅಂಟುತ್ತದೆ.

ಕೈಮಾಗೆ ಬೇರೆ ಬಟ್ಟಲು. ಅದಕ್ಕೆ ಮೊದಲು ಉಪ್ಪು ಮಾತ್ರ ಹಾಕಿ ಅಂಟು ಬರುವ ತನಕ ನಾದಬೇಕು. ಉಪ್ಪು ತಾಗಿದ ಮಾಂಸದ ಪ್ರೋಟೀನ್ ಬಿಟ್ಟುಕೊಂಡು ಅಂಟಾಗುತ್ತದೆ, ಆ ಅಂಟೇ ಬೇಯುವಾಗ ರಸವನ್ನು ಹಿಡಿದಿಡುವುದು. ಕೈಯ ಬಿಸಿ ಹೆಚ್ಚಾಗಿ ತಾಗಿದರೆ ಕೊಬ್ಬು ಕರಗುತ್ತದೆ. ಅದಕ್ಕೇ ಮಾಂಸ ತಣ್ಣಗಿರುವಾಗಲೇ ಬೇಗ ನಾದಿ ಮುಗಿಸಬೇಕು. ಆಮೇಲೆ ಸೋಯಾ ಸಾಸ್, ಸಾಕೆ, ತುರಿದ ಶುಂಠಿ, ಬೆಳ್ಳುಳ್ಳಿ. ಹಿಂಡಿದ ಕೋಸು, ನಿರಾ, ಎಳ್ಳೆಣ್ಣೆ ಕೊನೆಗೆ. ತರಕಾರಿ ಮೊದಲೇ ಹಾಕಿ ನಾದಿದರೆ ಮತ್ತೆ ನೀರು ಬಿಡುತ್ತದೆ. ಎಲ್ಲ ಕಲಸಿ ಅರ್ಧ ಗಂಟೆ ಫ್ರಿಜ್ಜಿನಲ್ಲಿ ಇಟ್ಟರೆ ಹೂರಣ ಗಟ್ಟಿಯಾಗಿ ಮಡಿಸಲು ಹದವಾಗುತ್ತದೆ.

ಇಷ್ಟಾದ ಮೇಲೆ ಮಡಿಸುವ ಕೆಲಸ. ಹಾಳೆಯ ನಡುವೆ ಒಂದು ಸಣ್ಣ ಚಮಚ ಹೂರಣ, ಅಂಚಿಗೆ ನೀರು, ಐದಾರು ನೆರಿಗೆ. ಬಾಣಲೆಗೆ ಎಣ್ಣೆ ಸವರಿ ಸಾಲಾಗಿ ಜೋಡಿಸಿ, ತಳ ಕೆಂಪಾದ ಮೇಲೆ ಸ್ವಲ್ಪ ನೀರು ಸುರಿದು ಮುಚ್ಚಳ ಹಾಕಿ, ಸುಮಾರು ಐದು ನಿಮಿಷ ಹಬೆಯಲ್ಲಿ ಬೇಯಿಸಿ, ಮುಚ್ಚಳ ತೆಗೆದು ನೀರು ಇಂಗಿಸುತ್ತಾರೆ. ತಿನ್ನುವುದು ಸೋಯಾ ಸಾಸ್, ವಿನೆಗರ್, ಖಾರದ ಎಣ್ಣೆ ಬೆರೆಸಿದ ರಸದಲ್ಲಿ ಅದ್ದಿ, ಅನ್ನದ ಜೊತೆ.

ಮಡಿಸುವಾಗ ಮಕ್ಕಳೂ ಬಂದು ಕೂರುತ್ತಾರೆ. ಗಂಡಸರೂ ಬರುತ್ತಾರೆ. ಅದು ಆಟದ ಹಾಗೆ ಇರುತ್ತದೆ, ನೆರಿಗೆ ಯಾರದು ಚೆಂದ ಅಂತ ಪೈಪೋಟಿ. ಅದಕ್ಕಿಂತ ಮುಂಚಿನ ಹೆಚ್ಚುವ, ಹಿಂಡುವ, ನಾದುವ ಕೆಲಸ ಸಾಮಾನ್ಯವಾಗಿ ಒಬ್ಬರೇ ನಿಂತು ಮಾಡುವಂಥದ್ದು. ಆ ಒಬ್ಬರು ಯಾರೆಂದು ನಾವು ಹೇಳಬೇಕಿಲ್ಲ.

ಯುದ್ಧ ತಂದ ತಿನಿಸು

ಗ್ಯೋಜಾ ಜಪಾನಿನ ಹಳೆಯ ಅಡುಗೆ ಅಲ್ಲ. ಅದರ ತವರು ಚೀನಾ. ಅಲ್ಲಿ ಅದರ ಹೆಸರು ಜಿಯಾವೋಜಿ. ಉತ್ತರ ಚೀನಾದಲ್ಲಿ ಹೆಚ್ಚಾಗಿ ದಪ್ಪ ಕಣಕದಲ್ಲಿ ತುಂಬಿ, ನೀರಿನಲ್ಲಿ ಬೇಯಿಸಿ, ಅದನ್ನೇ ಊಟವಾಗಿ ತಿನ್ನುತ್ತಾರೆ. ಜಪಾನಿನವರು ಹಾಳೆ ತೆಳು ಮಾಡಿದರು, ಬಾಣಲೆಗೆ ಹಾಕಿದರು, ಅನ್ನಕ್ಕೆ ನಂಜಿಕೊಳ್ಳುವ ಪದಾರ್ಥ ಮಾಡಿಕೊಂಡರು.

ಜಪಾನಿಗೆ ಇದು ಮನೆಮನೆಯ ತಿನಿಸಾಗಿ ಬಂದದ್ದು ಎರಡನೇ ಮಹಾಯುದ್ಧದ ನಂತರ. ಚೀನಾದ ಈಶಾನ್ಯ ಭಾಗವಾದ ಮಂಚೂರಿಯಾವನ್ನು ಜಪಾನಿನ ಸೇನೆ 1931ರಲ್ಲಿ ಆಕ್ರಮಿಸಿತ್ತು. 1945ರಲ್ಲಿ ಜಪಾನ್ ಸೋತಾಗ ಅಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜಪಾನಿಯರಿದ್ದರು. ಸೈನಿಕರು, ಅಲ್ಲಿ ನೆಲೆ ನಿಂತಿದ್ದ ರೈತ ಕುಟುಂಬಗಳು, ನೌಕರರು ಎಲ್ಲ ಕಳೆದುಕೊಂಡು ಹಿಂದಿರುಗಿದರು. ಬಂದವರ ಜೊತೆ ಈ ತಿನಿಸೂ ಬಂತು. ಸುಟ್ಟು ಬೂದಿಯಾದ ಊರುಗಳ ರಸ್ತೆ ಬದಿಯಲ್ಲಿ ಗ್ಯೋಜಾ ಅಂಗಡಿಗಳು ಎದ್ದವು. ಸ್ವಲ್ಪ ಮಾಂಸಕ್ಕೆ ಬಹಳ ತರಕಾರಿ ಸೇರಿಸಿ ಹೊಟ್ಟೆ ತುಂಬಿಸಬಹುದಾದ ತಿನಿಸು ಅದು. ಆ ಕಾಲಕ್ಕೆ ಬೇಕಾದದ್ದೂ ಅದೇ.

ತೋಚಿಗಿ ಪ್ರಾಂತ್ಯದ ಉತ್ಸುನೋಮಿಯಾ ಎಂಬ ಪಟ್ಟಣದಲ್ಲಿ ಸೇನೆಯ 14ನೇ ಡಿವಿಷನ್ ನೆಲೆ ಇತ್ತು. ಆ ಸೈನಿಕರು ಮಂಚೂರಿಯಾದಿಂದ ತಂದ ರುಚಿಯೇ ಊರಿನ ಹೆಸರಾಯಿತು ಎನ್ನುತ್ತಾರೆ. ತೋಚಿಗಿ ನಿರಾ ಸೊಪ್ಪು ಹೇರಳವಾಗಿ ಬೆಳೆಯುವ ಪ್ರಾಂತ್ಯವೂ ಹೌದು. ಇನ್ನೊಂದು ಕಡೆ ಹಮಾಮತ್ಸು ಊರಿನಲ್ಲಿ ಹೂರಣಕ್ಕೆ ಕೋಸು, ಈರುಳ್ಳಿ ಜಾಸ್ತಿ. ಗ್ಯೋಜಾಗಳನ್ನು ದುಂಡಗೆ ಜೋಡಿಸಿ, ನಡುವೆ ಬೇಯಿಸಿದ ಮೊಳಕೆ ಕಾಳು ಇಟ್ಟು ಕೊಡುತ್ತಾರೆ. ಈ ಎರಡು ಊರುಗಳ ನಡುವೆ ವರ್ಷಾ ವರ್ಷ ಪೈಪೋಟಿ. 2021ರಲ್ಲಿ ದಕ್ಷಿಣದ ಮಿಯಾಜಾಕಿ ಎಂಬ ಊರು ಇಬ್ಬರನ್ನೂ ಹಿಂದೆ ಹಾಕಿತು.

ಏನು ಲೆಕ್ಕದ ಮೇಲೆ ಪೈಪೋಟಿ ಅಂತ ಕೇಳಿದರೆ, ಅಲ್ಲಿದೆ ನಮಗೆ ಬೇಕಾದ ಸಂಗತಿ.

ಲೆಕ್ಕಕ್ಕೆ ಬಾರದ ಬಟ್ಟಲು

ಜಪಾನ್ ಸರ್ಕಾರದ ಅಂಕಿಅಂಶ ಇಲಾಖೆ ಸುಮಾರು 9 ಸಾವಿರ ಕುಟುಂಬಗಳ ಮನೆ ಖರ್ಚಿನ ಸಮೀಕ್ಷೆ ಮಾಡುತ್ತದೆ. ಆ ಕುಟುಂಬಗಳು ಏನು ಕೊಂಡರೂ ಪುಸ್ತಕದಲ್ಲಿ ಬರೆದಿಡುತ್ತವೆ. ಅದರಲ್ಲಿ ‘ಗ್ಯೋಜಾ’ ಎಂಬ ಒಂದು ಸಾಲೇ ಇದೆ. ಯಾವ ಊರಿನ ಕುಟುಂಬ ಗ್ಯೋಜಾಗೆ ವರ್ಷಕ್ಕೆ ಎಷ್ಟು ಖರ್ಚು ಮಾಡಿತು ಎಂಬುದು ಹೊರಬಿದ್ದ ದಿನ ಟಿವಿಯಲ್ಲಿ ಸುದ್ದಿ. ಗೆದ್ದ ಊರಿನಲ್ಲಿ ಹಬ್ಬ.

ಆದರೆ ಆ ಸಾಲಿಗೆ ಸೇರುವುದು ಅಂಗಡಿಯಿಂದ ಕಟ್ಟಿಸಿಕೊಂಡು ತಂದ ತಯಾರಿ ಗ್ಯೋಜಾ ಮಾತ್ರ. ಹೋಟೆಲಿನಲ್ಲಿ ಕೂತು ತಿಂದದ್ದು ಸೇರುವುದಿಲ್ಲ. ಹೆಪ್ಪುಗಟ್ಟಿಸಿ ಮಾರುವ ಫ್ರೋಜನ್ ಗ್ಯೋಜಾ ಬೇರೆ ಸಾಲಿಗೆ ಹೋಗುತ್ತದೆ. ಮನೆಯಲ್ಲಿ ಮಾಡಿದ್ದು? ಅದು ಗ್ಯೋಜಾ ಆಗಿ ಎಲ್ಲಿಯೂ ಇಲ್ಲ. ಕೋಸು ಕೋಸಿನ ಸಾಲಿನಲ್ಲಿ, ಕೈಮಾ ಮಾಂಸದ ಸಾಲಿನಲ್ಲಿ. ಅವೆರಡನ್ನೂ ಸೇರಿಸಿ ಹೂರಣ ಮಾಡಿದ ಕೈಗೆ ಯಾವ ಸಾಲೂ ಇಲ್ಲ.

ಇದು ಅಧಿಕಾರಿಗಳ ಕುತಂತ್ರ ಅಂತ ನಾವು ಹೇಳುತ್ತಿಲ್ಲ. ಖರ್ಚಿನ ಸಮೀಕ್ಷೆ ಖರ್ಚನ್ನೇ ಬರೆದುಕೊಳ್ಳುತ್ತದೆ. ಆದರೆ ಸುದ್ದಿಯನ್ನು ಸಾಲಿನ ಲೆಕ್ಕದಲ್ಲಿ ಕಳಿಸಿ, ಅಚ್ಚಾದಷ್ಟಕ್ಕೆ ಮಾತ್ರ ಕಾಸು ಎಣಿಸಿಕೊಳ್ಳುವ ನಮ್ಮಂಥ ವರದಿಗಾರರಿಗೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ. ಲೆಕ್ಕಕ್ಕೆ ಬಾರದ ದುಡಿಮೆಯನ್ನು ದುಡಿಮೆ ಅಂತ ಕರೆಯುವುದನ್ನೇ ಜನ ಮರೆಯುತ್ತಾರೆ. ಅದಕ್ಕೆ ‘ಪ್ರೀತಿ’, ‘ಕೈರುಚಿ’ ಅಂತ ಬೇರೆ ಹೆಸರು ಇಡುತ್ತಾರೆ.

2008: ವಿಷ ಬಿದ್ದದ್ದು ಕಾರ್ಖಾನೆಯಲ್ಲಿ, ಹೊರೆ ಬಿದ್ದದ್ದು ಅಡುಗೆಮನೆಗೆ

2007ರ ಡಿಸೆಂಬರ್ ಕೊನೆಯಿಂದ 2008ರ ಜನವರಿ ನಡುವೆ ಜಪಾನಿನ ಚಿಬಾ ಮತ್ತು ಹ್ಯೋಗೊ ಪ್ರಾಂತ್ಯಗಳಲ್ಲಿ ಮೂರು ಕುಟುಂಬಗಳ 10 ಮಂದಿ ಫ್ರೋಜನ್ ಗ್ಯೋಜಾ ತಿಂದು ಆಸ್ಪತ್ರೆ ಸೇರುವಂತಾಯಿತು. ವಾಂತಿ, ಭೇದಿ, ತಲೆಸುತ್ತು. ಐದು ವರ್ಷದ ಒಬ್ಬ ಹುಡುಗಿ ಪ್ರಜ್ಞೆ ತಪ್ಪಿ ಸಾವಿನ ಬಾಗಿಲ ತನಕ ಹೋಗಿ ಬದುಕಿ ಬಂದಳು. ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಮೆಥಾಮಿಡೋಫಾಸ್ ಎಂಬ ಕೀಟನಾಶಕ.

ಗ್ಯೋಜಾ ತಯಾರಾಗಿದ್ದು ಚೀನಾದ ಹೆಬೆ ಪ್ರಾಂತ್ಯದ ಟಿಯಾನ್‌ಯಾಂಗ್ ಫುಡ್ ಎಂಬ ಕಾರ್ಖಾನೆಯಲ್ಲಿ. ಚಿಬಾದ ಕುಟುಂಬಗಳು ಕೊಂಡ ಪ್ಯಾಕೆಟ್ಟಿನ ಹೆಸರೇ ‘ಕೈಯಿಂದ ಮಾಡಿದ ಗ್ಯೋಜಾ’. ಹೆಸರು ಓದಿ ನಂಬಿದವರಿಗೆ ಆ ಕೈ ಯಾರದು, ಎಲ್ಲಿಯದು ಎಂಬುದು ಗೊತ್ತಿರಲಿಲ್ಲ.

ವಿಷ ಎಲ್ಲಿ ಸೇರಿತು ಎಂಬ ವಿಚಾರದಲ್ಲಿ ಎರಡೂ ದೇಶಗಳು ಬಹಳ ದಿನ ಒಬ್ಬರತ್ತ ಒಬ್ಬರು ಬೆರಳು ತೋರಿಸಿದವು. 2010ರ ಮಾರ್ಚಿನಲ್ಲಿ ಚೀನಾ ಪೊಲೀಸರು ಆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹಂಗಾಮಿ ಕೆಲಸದಲ್ಲಿದ್ದ ಒಬ್ಬನನ್ನು ಹಿಡಿದರು. ಸಂಬಳ, ಬೋನಸ್ಸಿನ ಸಿಟ್ಟು, ಕೆಲಸ ಕಾಯಂ ಆಗದ ಹೊಟ್ಟೆಯುರಿ. ಸಿರಿಂಜಿನಲ್ಲಿ ಪ್ಯಾಕೆಟ್‌ಗಳಿಗೆ ವಿಷ ಚುಚ್ಚಿದ್ದಾಗಿ ಒಪ್ಪಿಕೊಂಡ. 2014ರ ಜನವರಿಯಲ್ಲಿ ಅವನಿಗೆ ಜೀವಾವಧಿ ಶಿಕ್ಷೆ ಆಯಿತು. ಸಿಟ್ಟು ಕಾರ್ಖಾನೆಯ ಮೇಲೆ, ನೋವು ಉಂಡದ್ದು ಸಮುದ್ರದಾಚೆಯ ಐದು ವರ್ಷದ ಮಗು. ಅವನು ಮಾಡಿದ್ದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಆಗ ಜಪಾನಿನಲ್ಲಿ ಏನಾಯಿತು? ಫ್ರೋಜನ್ ಗ್ಯೋಜಾ ಕೊಳ್ಳುವವರು ಹಿಂದೆ ಸರಿದರು. ಹೆದರಿದ ಮನೆಗಳು ಕೈಯಿಂದ ಮಾಡುವುದರತ್ತ ಹೊರಳಿದವು. ಸಹಜವೇ. ಮಗುವಿನ ಬಾಯಿಗೆ ಇಡುವುದರಲ್ಲಿ ಏನಿದೆ ಎಂದು ತಿಳಿದಿರಬೇಕು ಎಂದು ಯಾವ ತಾಯಿಗೆ ಅನಿಸುವುದಿಲ್ಲ? ಆದರೆ ಸ್ವಲ್ಪ ನಿಂತು ಯೋಚಿಸಿ. ತಪ್ಪು ನಡೆದದ್ದು ಕಾರ್ಖಾನೆಯಲ್ಲಿ. ಕಾವಲು ಕಾಯದೇ ಇದ್ದದ್ದು ಆಮದು ಮಾಡಿಕೊಂಡವರು, ತಪಾಸಣೆ ಮಾಡಬೇಕಾದವರು. ಅದಕ್ಕೆ ಪ್ರಾಯಶ್ಚಿತ್ತವಾಗಿ ಸಂಜೆ ಹೊತ್ತು ನಿಂತು ಕೋಸು ಹೆಚ್ಚಿದ್ದು ಮನೆಯ ಹೆಂಗಸು.

ಇನ್ನೊಂದು ಮಾತೂ ಇದೆ. ಮನೆಯಲ್ಲಿ ಹೆಚ್ಚಿದ ಮಾತ್ರಕ್ಕೆ ಕೋಸಿನೊಳಗಿನ ವಿಷ ಹೋಗುವುದಿಲ್ಲ. ಈ ಮಾತು ನಮ್ಮ ಹೊಲಗಳಿಗೂ ಸಂಬಂಧಪಟ್ಟದ್ದು. ಹತ್ತಿಗೆ ಹೊಡೆಯುವ ಅಸಿಫೇಟ್ ನಿಮ್ಮಲ್ಲಿ ಬಹಳ ಜನರಿಗೆ ಗೊತ್ತು. ಆ ಅಸಿಫೇಟಿನ ಒಂದಷ್ಟು ಭಾಗ ಗಿಡದೊಳಗೆ, ಹುಳದೊಳಗೆ ಮೆಥಾಮಿಡೋಫಾಸ್ ಆಗಿಯೇ ಮಾರ್ಪಡುತ್ತದೆ. ಅದು ಗಿಡದ ರಸದೊಳಗೆ ಸೇರಿ ಕೆಲಸ ಮಾಡುವ ಔಷಧಿಯಾದ್ದರಿಂದ ಮೇಲೆ ತೊಳೆದರೆ ಪೂರ್ತಿ ಹೋಗುವಂಥದ್ದಲ್ಲ. 2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ನಿಷೇಧದ ಕರಡು ಆದೇಶ ಹೊರಡಿಸಿದ 27 ಕೀಟನಾಶಕಗಳ ಪಟ್ಟಿಯಲ್ಲಿ ಅಸಿಫೇಟ್ ಹೆಸರೂ ಇತ್ತು. ಗ್ಯೋಜಾದಲ್ಲಿ ಬೆರೆಸಿದ್ದು ಬೇಕೆಂದೇ ಮಾಡಿದ ಅಪರಾಧ, ಹೊಲದಲ್ಲಿ ಹೊಡೆಯುವುದು ಬೆಳೆ ಉಳಿಸಲು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ತಪ್ಪು. ಆದರೆ ಉತ್ತರ ಎರಡಕ್ಕೂ ಒಂದೇ. ಏನು ಹೊಡೆದಿದ್ದಾರೆ, ಎಷ್ಟು ಉಳಿದಿದೆ ಎಂದು ಪರೀಕ್ಷೆ ಮಾಡಿ ಹೇಳಬೇಕಾದವರು ಸರ್ಕಾರದವರು. ಅಡುಗೆಮನೆಯಲ್ಲಿ ಚಾಕು ಇರುತ್ತದೆ, ಪ್ರಯೋಗಾಲಯ ಇರುವುದಿಲ್ಲ.

ಜಪಾನ್ ಈ ಪಾಠ ಒಂದಷ್ಟು ಕಲಿಯಿತು. 2009ರ ಸೆಪ್ಟೆಂಬರಿನಲ್ಲಿ ಗ್ರಾಹಕರ ವಿಷಯಕ್ಕೇ ಒಂದು ಪ್ರತ್ಯೇಕ ಸರ್ಕಾರಿ ಸಂಸ್ಥೆ ಶುರುವಾಯಿತು. ಅದಕ್ಕೆ ಕಾರಣವಾದ ಘಟನೆಗಳಲ್ಲಿ ಈ ಗ್ಯೋಜಾ ಪ್ರಕರಣವೂ ಒಂದು. ಸರಿಯಾದ ಪರಿಹಾರ ಅದು.

2020: ‘ಕೈ ತಪ್ಪಿಸಿದ್ದು’ ಎಂಬ ಒಂದು ಮಾತು

ಹನ್ನೆರಡು ವರ್ಷ ಕಳೆದವು. ಫ್ರೋಜನ್ ಗ್ಯೋಜಾ ಮತ್ತೆ ಮನೆಮನೆಗೆ ಬಂತು. ಅಜಿನೊಮೊಟೊ ಕಂಪನಿ 1972ರಿಂದ ಮಾರುತ್ತಿರುವ ಗ್ಯೋಜಾ ಈಗ ಎಣ್ಣೆ, ನೀರು ಏನೂ ಹಾಕದೆ ಬಾಣಲೆಗೆ ಸುರಿದರೆ ಗರಿಯಾಗುವ ಮಟ್ಟಕ್ಕೆ ಬಂದಿದೆ.

2020ರಲ್ಲಿ ಕೊರೋನಾ ಬಂದು ಎಲ್ಲರೂ ಮನೆಯಲ್ಲಿ. ಮೂರು ಹೊತ್ತೂ ಅಡುಗೆ. ಜುಲೈನಲ್ಲಿ ಟ್ವಿಟರಿನಲ್ಲಿ ಒಂದು ಸುದ್ದಿ ಹರಿದಾಡಿತು. ಅಂಗಡಿಯಲ್ಲಿ ತಯಾರಿ ಆಲೂಗಡ್ಡೆ ಸಲಾಡ್ ಕೊಳ್ಳುತ್ತಿದ್ದ, ಮಗು ಜೊತೆಗಿದ್ದ ಹೆಂಗಸಿಗೆ ವಯಸ್ಸಾದ ಗಂಡಸೊಬ್ಬ ‘ತಾಯಿ ಅನ್ನಿಸಿಕೊಂಡವಳು ಆಲೂಗಡ್ಡೆ ಸಲಾಡನ್ನಾದರೂ ಮನೆಯಲ್ಲಿ ಮಾಡಬಾರದೇ’ ಎಂಬರ್ಥದ ಮಾತು ಹೇಳಿದನಂತೆ. ಆಗಸ್ಟಿನಲ್ಲಿ ಇನ್ನೊಂದು. ದಣಿದಿದ್ದ ತಾಯಿಯೊಬ್ಬಳು ರಾತ್ರಿ ಊಟಕ್ಕೆ ಫ್ರೋಜನ್ ಗ್ಯೋಜಾ ಬಡಿಸಿದಳು. ಮಗು ಖುಷಿಯಿಂದ ತಿಂದಿತು. ಗಂಡ ಅದಕ್ಕೆ ‘ತೆನುಕಿ’ ಅಂದನಂತೆ.

ಜಪಾನಿ ಮಾತಿನಲ್ಲಿ ‘ತೆ’ ಅಂದರೆ ಕೈ, ‘ನುಕಿ’ ಅಂದರೆ ತೆಗೆದದ್ದು, ಬಿಟ್ಟದ್ದು. ತೆನುಕಿ ಅಂದರೆ ಕೈ ತಪ್ಪಿಸಿದ್ದು, ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕೆಲಸಗಳ್ಳತನ. ಇದಕ್ಕೆ ಅಜಿನೊಮೊಟೊ ಫ್ರೋಜನ್ ಫುಡ್ಸ್‌ನ ಟ್ವಿಟರ್ ಖಾತೆ ಉತ್ತರ ಕೊಟ್ಟಿತು. ಆ ಪದದ ನಡುವೆ ಒಂದೇ ಅಕ್ಷರ ಸೇರಿಸಿ ‘ತೆಮಾನುಕಿ’ ಅಂದಿತು. ‘ತೆಮಾ’ ಅಂದರೆ ತಾಪತ್ರಯ, ಮೈಮುರಿಯುವ ಹೊತ್ತು. ಹೆಂಗಸು ಕೈ ತಪ್ಪಿಸಿಲ್ಲ, ತಾಪತ್ರಯ ತಪ್ಪಿಸಿಕೊಂಡಿದ್ದಾಳೆ, ಹೆಚ್ಚುವ ಕಲಸುವ ಕೆಲಸವನ್ನು ಅವಳ ಬದಲಿಗೆ ನಮ್ಮ ಕಾರ್ಖಾನೆ ಮಾಡಿದೆ ಎಂಬುದು ಆ ಉತ್ತರದ ಸಾರ. ಅದಕ್ಕೆ ಲಕ್ಷಗಟ್ಟಲೆ ಲೈಕ್ ಬಿದ್ದವು.

ಕಂಪನಿ ಹೇಳಿದ್ದು ವ್ಯಾಪಾರಕ್ಕೇ. ಅದರಲ್ಲಿ ಮುಚ್ಚುಮರೆ ಇಲ್ಲ. ಆದರೂ ಗಂಡನಿಗಿಂತ ಕಂಪನಿಗೆ ಆ ಕೆಲಸದ ತೂಕ ಚೆನ್ನಾಗಿ ಗೊತ್ತಿತ್ತು. ಕೋಸು ಹೆಚ್ಚಲು ಎಷ್ಟು ಜನ ಬೇಕು, ಎಷ್ಟು ಹೊತ್ತು ಬೇಕು, ಅದಕ್ಕೆ ಎಷ್ಟು ಕೂಲಿ ಎಂದು ಕಾರ್ಖಾನೆಗೆ ಪೈಸೆ ಪೈಸೆ ಲೆಕ್ಕ ಇರುತ್ತದೆ. ಲೆಕ್ಕ ಇಲ್ಲದಿರುವುದು ಮನೆಯಲ್ಲಿ ಮಾತ್ರ.

ಆದರೆ ಕಂಪನಿಯ ಮಾತನ್ನೂ ಪೂರ್ತಿ ಒಪ್ಪಲು ನಮಗೆ ಮನಸ್ಸಿಲ್ಲ. ಆ ಉತ್ತರದ ಪ್ರಕಾರ ಹೆಂಗಸಿನ ಮುಂದೆ ಇರುವುದು ಎರಡೇ ದಾರಿ. ಒಂದೋ ತಾನೇ ಹೆಚ್ಚಬೇಕು, ಇಲ್ಲವೇ ದುಡ್ಡು ಕೊಟ್ಟು ಪ್ಯಾಕೆಟ್ ತರಬೇಕು. ಮೂರನೇ ದಾರಿಯನ್ನು ಯಾರೂ ಹೇಳಲಿಲ್ಲ. ತೆನುಕಿ ಅಂದ ಆ ಗಂಡನೇ ಎದ್ದು ಕೋಸು ಹೆಚ್ಚಬಹುದಿತ್ತಲ್ಲ?

ಗಡಿಯಾರ ಏನು ಹೇಳುತ್ತದೆ

ಮನೆ ಖರ್ಚಿನ ಲೆಕ್ಕ ಬರೆಯುವ ಅದೇ ಜಪಾನಿನ ಅಂಕಿಅಂಶ ಇಲಾಖೆ ಐದು ವರ್ಷಕ್ಕೊಮ್ಮೆ ಜನರ ಹೊತ್ತಿನ ಲೆಕ್ಕವನ್ನೂ ಬರೆಯುತ್ತದೆ. 2021ರ ಲೆಕ್ಕದಲ್ಲಿ, ಆರು ವರ್ಷದೊಳಗಿನ ಮಗುವಿರುವ ಮನೆಯಲ್ಲಿ ಹೆಂಡತಿ ದಿನಕ್ಕೆ ಮನೆಗೆಲಸ, ಮಗುವಿನ ಆರೈಕೆಗೆ ಕೊಡುವುದು 7 ಗಂಟೆ 28 ನಿಮಿಷ. ಗಂಡ ಕೊಡುವುದು 1 ಗಂಟೆ 54 ನಿಮಿಷ. ಖರ್ಚಿನ ಪುಸ್ತಕದಲ್ಲಿ ಕಾಣದೇ ಹೋದ ಹೂರಣ ಇಲ್ಲಿ, ಈ ಐದೂವರೆ ಗಂಟೆಯ ಅಂತರದಲ್ಲಿ ಕಾಣಿಸುತ್ತದೆ.

ಜಪಾನಿನವರನ್ನು ಆಡಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ನಮ್ಮ ದೇಶದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಅದೂ ಒಂದಿಷ್ಟಾದರೂ ಮನೆಗೆಲಸ ಮಾಡುವ ಗಂಡಸರ ಲೆಕ್ಕ. ಏನೂ ಮಾಡದವರು ಇದರೊಳಗೆ ಬಂದೇ ಇಲ್ಲ.

‘ಆದರೆ ಮನೆಯದೇ ರುಚಿ ಅಲ್ಲವೇ?’

ಹೌದು. ಇದನ್ನು ಅಲ್ಲಗಳೆಯುವುದಿಲ್ಲ. ಮನೆಯಲ್ಲಿ ಮಾಡಿದ ಹೂರಣದಲ್ಲಿ ಉಪ್ಪು ನಮ್ಮ ಹಿಡಿತದಲ್ಲಿ. ಬೆಳ್ಳುಳ್ಳಿ ಬೇಡದವರಿಗೆ ಬಿಡಬಹುದು, ಸೊಪ್ಪು ಬೇಕಾದವರಿಗೆ ಹೆಚ್ಚು ಹಾಕಬಹುದು. ಮಕ್ಕಳಿಗೆ ತರಕಾರಿ ತಿನ್ನಿಸುವ ಸುಲಭ ಉಪಾಯ ಅದು. ಉಳಿದ ಹೂರಣವನ್ನು ಉಂಡೆ ಮಾಡಿ ಸಾರಿಗೆ ಬಿಡಬಹುದು. ನಲವತ್ತರ ಬದಲು ಎಂಬತ್ತು ಮಾಡಿ ಅರ್ಧವನ್ನು ಹಸಿಯಾಗಿಯೇ ಹೆಪ್ಪುಗಟ್ಟಿಸಿ ಇಟ್ಟುಕೊಳ್ಳುವ ಮನೆಗಳೂ ಉಂಟು. ಇವೆಲ್ಲ ಮನೆಯಲ್ಲಿ ಮಾಡುವುದರ ನಿಜವಾದ ಲಾಭ.

‘ಹಿಂದಿನವರು ಮಾಡುತ್ತಿರಲಿಲ್ಲವೇ’ ಎನ್ನುವವರಿಗೆ ಒಂದು ಉತ್ತರ. ಗ್ಯೋಜಾ ವಿಷಯದಲ್ಲಿ ಹಿಂದಿನವರು ಅಂದರೆ ಯುದ್ಧ ಮುಗಿದ ಮೇಲಿನವರು. ಸಂಪ್ರದಾಯ ಅಂತ ಹೆಂಗಸರ ತಲೆಗೆ ಕಟ್ಟುವಷ್ಟು ಹಳೆಯದೇ ಅಲ್ಲ ಅದು. ಅದನ್ನು ಹೊತ್ತು ತಂದವರಲ್ಲಿ ಸೈನಿಕರೂ ಇದ್ದರು. ಗಂಡಸರು ಸಮುದ್ರ ದಾಟಿ ತಂದ ತಿನಿಸು, ಅಂಗಳ ದಾಟಿ ಅಡುಗೆಮನೆಗೆ ಬರುವಾಗ ಹೆಂಗಸರ ಕರ್ತವ್ಯ ಆದದ್ದು ಹೇಗೆ?

‘ಪ್ಯಾಕೆಟ್ ಆಹಾರಕ್ಕೆ ಒಗ್ಗಿಹೋದರೆ ಕೈಗೆಲಸವೇ ಮರೆತುಹೋಗುತ್ತದೆ’ ಎಂಬ ಚಿಂತೆಯಲ್ಲಿ ಸತ್ಯವಿದೆ. ಆದರೆ ವಿದ್ಯೆ ಉಳಿಯಬೇಕು ಅಂದರೆ ಅದು ಒಂದೇ ಕೈಯಲ್ಲಿ ಇರಬಾರದು. ಮನೆಯ ಒಬ್ಬರಿಗೆ ಮಾತ್ರ ಗೊತ್ತಿರುವ ಅಡುಗೆ ಅವರ ಜೊತೆಗೇ ಹೋಗಿಬಿಡುತ್ತದೆ. ನಾಲ್ಕು ಜನಕ್ಕೆ ಗೊತ್ತಿದ್ದರೆ ಉಳಿಯುತ್ತದೆ.

ನಮ್ಮ ಮಾತು ಇಷ್ಟೇ

ಒಂದು: ಆಹಾರ ಸುರಕ್ಷತೆ ಮನೆಗೆಲಸ ಅಲ್ಲ. ಕಾರ್ಖಾನೆ, ಆಮದುದಾರ, ತಪಾಸಣೆ ಇಲಾಖೆ ಮಾಡಬೇಕಾದ ಕೆಲಸ ಅದು. ಎಲ್ಲಾದರೂ ವಿಷ, ಕಲಬೆರಕೆ ಸುದ್ದಿ ಬಂದಾಗ ‘ಮನೆಯಲ್ಲೇ ಮಾಡಿಕೊಳ್ಳಿ’ ಎಂದು ಬುದ್ಧಿ ಹೇಳಿ ಸುಮ್ಮನಾಗುವವರನ್ನು ನಂಬಬೇಡಿ. ಪರೀಕ್ಷೆ ಮಾಡಿದಿರಾ, ವರದಿ ಎಲ್ಲಿ ಎಂದು ಕೇಳಿ.

ಎರಡು: ದಣಿದ ದಿನ ಪ್ಯಾಕೆಟ್ ಒಡೆಯುವುದು ಕೆಲಸಗಳ್ಳತನ ಅಲ್ಲ. ಹಾಗೆ ಅನ್ನುವ ಹಕ್ಕು, ಹಿಂದಿನ ದಿನ ಹೂರಣ ಹಿಂಡಿದವರಿಗೆ ಮಾತ್ರ ಇದೆ. ಅವರು ಅನ್ನುವುದೂ ಇಲ್ಲ, ಕೈನೋವು ಅವರಿಗೆ ಗೊತ್ತಿರುತ್ತದೆ.

ಮೂರು: ಮನೆಯಲ್ಲೇ ಮಾಡಬೇಕು ಅನ್ನಿಸಿದ ದಿನ ಕೆಲಸ ಹಂಚಿಕೊಳ್ಳಿ. ಜಪಾನಿನ ಮನೆಯಾದರೆ ಗ್ಯೋಜಾ, ನಮ್ಮ ಮನೆಯಾದರೆ ಕಡುಬೋ ಹೋಳಿಗೆಯೋ. ಒಬ್ಬರು ಹೆಚ್ಚಿ, ಒಬ್ಬರು ಹಿಂಡಿ, ಒಬ್ಬರು ನಾದಿ. ನಾಲ್ಕನೆಯವರು ಪಾತ್ರೆ ತೊಳೆಯಿರಿ, ಯಾಕೆಂದರೆ ರೀಲ್ಸಿನಲ್ಲಿ ಅದನ್ನಂತೂ ಯಾರೂ ತೋರಿಸುವುದೇ ಇಲ್ಲ.

ನೆರಿಗೆ ಹಿಡಿಯಲು ಎಲ್ಲರೂ ಬರುತ್ತಾರೆ. ತಿನ್ನಲು ಕರೆಯುವುದೇ ಬೇಡ. ಕೋಸು ಹೆಚ್ಚುವ ಹೊತ್ತಿಗೆ ಬನ್ನಿ.